ಮಾಲೀಕರು ಮನೆಯಲ್ಲಿರಬೇಕು

ಆಯುಧಪೂಜೆಯ ದಿನ ಲ್ಯಾಪ್‌ಟಾಪಿನ ಮುಂದೆ ತೆಂಗಿನಕಾಯಿ ಒಡೆದು, ಆ ನೀರನ್ನು ಅದರ ಮೇಲೇ ಪ್ರೋಕ್ಷಣೆ ಮಾಡಿದವಳು ಇಡೀ ಬೆಂಗಳೂರಿನಲ್ಲಿ ನಾನೊಬ್ಬಳೇ ಇರಲಾರೆ. ಹಾಗಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಸರ್ವಿಸ್ ಸೆಂಟರಿನ ಹುಡುಗಿ ಮಾತ್ರ ಇದನ್ನು ಕೇಳಿದವಳೇ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಕಂಪ್ಯೂಟರಿನ ಮೂಲೆಯಲ್ಲೂ ಹಬ್ಬದ ಕುಂಕುಮ ಇನ್ನೂ ಅಂಟಿಕೊಂಡಿತ್ತು. ನನ್ನನ್ನು ಹಾಗೆ ನೋಡುವ ಹಕ್ಕು ಅವಳಿಗೆ ಇರಲಿಲ್ಲ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಮೂಡಲಪಾಳ್ಯದಲ್ಲಿ ಒಂದು ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದೆ. ಕೆಳಗೆ ಮನೆಯೊಡತಿ, ಬೀದಿಗೆಲ್ಲ ಓನರ್ ಆಂಟಿ. ಮೇಲೆ ನಾನು ಮತ್ತು ನನ್ನ ಹೊಲಿಗೆ ಯಂತ್ರ. ಬ್ಲೌಸು ಹೊಲಿಯುತ್ತಿದ್ದೆ, ಸೀರೆಗೆ ಫಾಲ್ ಹಾಕುತ್ತಿದ್ದೆ. ನನ್ನ ಗಂಡ ಬಹರೇನಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನೀಷಿಯನ್. ಮದುವೆಯಾಗಿ ಒಂಬತ್ತು ವರ್ಷ, ಅದರಲ್ಲಿ ಐದು ವರ್ಷ ಅವರು ಅಲ್ಲಿ, ನಾನು ಇಲ್ಲಿ. ಮಕ್ಕಳಿರಲಿಲ್ಲ. ಹೆಂಡತಿಯನ್ನು ಕರೆಸಿಕೊಳ್ಳುವ ವೀಸಾ ಅವರ ದರ್ಜೆಯ ಕೆಲಸಕ್ಕೆ ಸಿಗುವುದಿಲ್ಲವಂತೆ. ಮೊದಲು ಸೈಟು ಕೊಂಡ ಮೇಲೆ ಬರುತ್ತೇನೆ ಎಂದರು. ಬ್ಯಾಡರಹಳ್ಳಿಯ ಆಚೆ ಸೈಟು ಕೊಂಡಾಯಿತು. ಪಾಯ ಹಾಕಿಸಿದ ಮೇಲೆ ಎಂದರು. ಪಾಯವೂ ಆಯಿತು, ಅದರೊಳಗೆ ಗಿಡಗಂಟಿಯೂ ಬೆಳೆಯಿತು. ಈಗ ಡಿಸೆಂಬರಿಗೆ ಕಾಂಟ್ರಾಕ್ಟ್ ಮುಗಿಯುತ್ತದೆ, ಮತ್ತೆ ಸಹಿ ಮಾಡುವುದಿಲ್ಲ, ಗಂಟುಮೂಟೆ ಕಟ್ಟಿಕೊಂಡು ಬಂದುಬಿಡುತ್ತೇನೆ ಎಂದಿದ್ದರು. ಈ ಸಲ ನಾನು ಅದನ್ನು ನಂಬಿದ್ದೆ. ಕ್ಯಾಲೆಂಡರಿನಲ್ಲಿ ಡಿಸೆಂಬರ್ ಹಾಳೆಯನ್ನು ಆಗಾಗ ಎತ್ತಿ ನೋಡುವಷ್ಟು ನಂಬಿದ್ದೆ.

ಲ್ಯಾಪ್‌ಟಾಪನ್ನು ಹಿಂದಿನ ವರ್ಷ ರಜೆಗೆ ಬಂದಾಗ ಅವರೇ ತಂದುಕೊಟ್ಟಿದ್ದರು. ಪರದೆಯ ನೆತ್ತಿಯಲ್ಲೇ ಕ್ಯಾಮೆರಾ ಇದ್ದದ್ದು. ಕೊಳ್ಳುವಾಗಲೇ ಅದಕ್ಕೆ ಆಕ್ಸಿಡೆಂಟಲ್ ಡ್ಯಾಮೇಜ್ ಕವರ್ ಎಂದು ಬೇರೆ ಮಾಡಿಸಿದ್ದರು. ಬಿದ್ದರೂ, ಒಡೆದರೂ, ನೀರು ಚೆಲ್ಲಿದರೂ ಕಂಪನಿಯೇ ರಿಪೇರಿ ಮಾಡಿಕೊಡಬೇಕು. "ನಿನ್ ಕೈ ಗೊತ್ತಲ್ಲ ನಂಗೆ" ಎಂದು ನಕ್ಕಿದ್ದರು. ನಾನು ಸಿಟ್ಟು ಮಾಡಿಕೊಂಡಿದ್ದೆ. ಆಮೇಲೆ ಚಂದ್ರಾ ಲೇಔಟಿನ ಒಂದು ಕಂಪ್ಯೂಟರ್ ಕ್ಲಾಸಿಗೆ ಹೋಗಿ, ಕಾಲೇಜು ಮಕ್ಕಳ ನಡುವೆ ಕೂತು, ಅದನ್ನು ಆನ್ ಮಾಡುವುದು, ವಿಡಿಯೋ ಕಾಲ್ ಹಾಕುವುದು ಕಲಿತೆ.

ಶುಕ್ರವಾರ ಅವರಿಗೆ ರಜೆ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಹನ್ನೊಂದಾದರೆ ಅವರಿಗೆ ಎಂಟೂವರೆ. ಆ ಹೊತ್ತಿಗೆ ಲ್ಯಾಪ್‌ಟಾಪನ್ನು ಹೊಲಿಗೆ ಯಂತ್ರದ ಪಕ್ಕ ಸ್ಟೂಲಿನ ಮೇಲಿಟ್ಟು ಕಾಲ್ ಹಾಕುತ್ತಿದ್ದೆ. ಗಂಡಹೆಂಡತಿ ಏನು ಮಾತಾಡುತ್ತಾರೆ ಎಂದು ಓನರ್ ಆಂಟಿಗೆ ಬಹಳ ಕುತೂಹಲ. ನಿಜ ಹೇಳಬೇಕೆಂದರೆ ನಾವು ಹೆಚ್ಚಿಗೆ ಮಾತಾಡುತ್ತಲೇ ಇರಲಿಲ್ಲ. ಅವರು ಅಲ್ಲಿ ವಾರದ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು, ನಾನು ಇಲ್ಲಿ ಯಂತ್ರ ತುಳಿಯುತ್ತಿದ್ದೆ. ನಡುವೆ ಅವರು ಸೀನುತ್ತಿದ್ದರು. "ಕಷಾಯ ಮಾಡ್ಕೊಳ್ರೀ" ಎನ್ನುತ್ತಿದ್ದೆ. "ಹೂಂ" ಎನ್ನುತ್ತಿದ್ದರು. ತಲೆ ಎತ್ತಿದರೆ ಅವರು ಇರುತ್ತಿದ್ದರು, ಅಷ್ಟೇ. ಫೋನಿನಲ್ಲಿ ಹಾಗಲ್ಲ. ಫೋನಿನಲ್ಲಿ ಕಾರ್ಡು ಮುಗಿಯುವ ಆತುರ, ಊಟ ಆಯಿತಾ, ಬಾಗಿಲು ಸರಿಯಾಗಿ ಹಾಕಿಕೋ, ಇಡಲಾ. ಫೋನಿನಲ್ಲಿ ಯಾರೂ ಸುಮ್ಮನಿರುವುದಕ್ಕಾಗುವುದಿಲ್ಲ. ಆ ಎರಡು ತಾಸಿನ ಸುಮ್ಮನಿರುವಿಕೆಗಾಗಿ ನಾನು ಉಳಿದ ಆರು ದಿನ ಕಳೆಯುತ್ತಿದ್ದೆ.

ನಮ್ಮಪ್ಪ ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಮೆಷಿನ್ನಿನ ಮೇಲೆ ಜೀವ ತೇಯ್ದವರು. ನಮ್ಮ ಮನೆಯಲ್ಲಿ ಯುಗಾದಿಗಿಂತ ಆಯುಧಪೂಜೆ ದೊಡ್ಡದು. ಫ್ಯಾಕ್ಟರಿಗೆ ನಮ್ಮನ್ನೆಲ್ಲ ಕರೆದುಕೊಂಡು ಹೋಗುತ್ತಿದ್ದರು. ಮೆಷಿನ್ನನ್ನು ತೊಳೆದು, ಒರೆಸಿ, ವಿಭೂತಿಯ ಮೂರೆಳೆ ಎಳೆದು, ಚೆಂಡುಹೂವಿನ ಹಾರ ಹಾಕಿ, ಕೊನೆಗೆ ಕಾಯಿ ಒಡೆದು ಆ ನೀರನ್ನು ಅಂಗೈಯಲ್ಲಿ ತೆಗೆದುಕೊಂಡು ಮೆಷಿನ್ನಿನ ಮೇಲೆಲ್ಲ ಚಿಮುಕಿಸುತ್ತಿದ್ದರು. "ಅನ್ನ ಕೊಡೋದಕ್ಕೆ ನೀರು ಕೊಡ್ಬೇಕು" ಎನ್ನುತ್ತಿದ್ದರು. ಮದುವೆಯಾದ ಮೇಲೆ ನಾನು ನನ್ನ ಹೊಲಿಗೆ ಯಂತ್ರಕ್ಕೆ ಪ್ರತಿ ವರ್ಷ ಹಾಗೇ ಮಾಡುತ್ತಿದ್ದೆ. ಕಬ್ಬಿಣಕ್ಕೆ ಕಾಯಿನೀರು ಏನು ಮಾಡೀತು? ಒರೆಸಿ ಒಂದು ತೊಟ್ಟು ಎಣ್ಣೆ ಬಿಟ್ಟರೆ ಮುಗಿಯಿತು.

ಆ ವರ್ಷ ಹೊಲಿಗೆ ಯಂತ್ರದ ಪಕ್ಕ ಲ್ಯಾಪ್‌ಟಾಪನ್ನೂ ಇಟ್ಟೆ. ಅವರಿಗೆ ಅಂದು ಮಧ್ಯಾಹ್ನದ ಡ್ಯೂಟಿ, ಬೆಳಿಗ್ಗೆ ರೂಮಿನಲ್ಲೇ ಇದ್ದರು. ಪೂಜೆ ನೋಡಲಿ ಎಂದು ಕಾಲ್ ಹಾಕಿ, ಅವರು ಪರದೆಯಲ್ಲಿರುವಾಗಲೇ ಅದರ ಅಂಚಿಗೆ ಹೂವು ಏರಿಸಿದೆ. "ನಂಗೇ ಹಾರ ಹಾಕ್ದಂಗಿದೆ ಕಣೇ, ತೆಗಿ" ಎಂದರು. "ಸುಮ್ನಿರ್ರೀ, ಹಬ್ಬದ ದಿನ ಅಪಶಕುನ ಮಾತಾಡ್ಬೇಡಿ" ಎಂದೆ. ಮಂಗಳಾರತಿ ಎತ್ತಿದೆ. ಅಲ್ಲಿ ಅವರು ಕೈ ಮುಗಿದರು. ಕಾಯಿ ಒಡೆದೆ. ಎರಡೇ ಪೆಟ್ಟಿಗೆ ಸರಿಯಾಗಿ ಹೋಳಾಯಿತು. ಆ ಖುಷಿಯಲ್ಲಿ, ತಲೆಯಲ್ಲಿ ಏನೂ ಇಲ್ಲದೆ, ಅಪ್ಪನ ಹಾಗೆ ಅಂಗೈಗೆ ನೀರು ಬಗ್ಗಿಸಿಕೊಂಡು ಮೊದಲು ಹೊಲಿಗೆ ಯಂತ್ರಕ್ಕೆ, ಆಮೇಲೆ ಲ್ಯಾಪ್‌ಟಾಪಿಗೆ ಚಿಮುಕಿಸಿದೆ. ಚಿಮುಕಿಸುವಾಗ ಎಡಗೈಯಲ್ಲಿದ್ದ ಹೋಳು ವಾಲಿತು. ಉಳಿದ ನೀರೆಲ್ಲ ಕೀಲಿಗಳ ಮೇಲೆ ಸುರಿಯಿತು. "ಏಯ್, ಏಯ್" ಎಂದು ಅವರು ಕೂಗಿದ್ದು ಕೇಳಿಸಿತು. ಆಮೇಲೆ ಪರದೆ ಕಪ್ಪಾಯಿತು.

ಒರೆಸಿದೆ. ಮಗುಚಿ ಹಾಕಿದೆ. ಮಹಡಿಯ ಮೇಲೆ ಬಿಸಿಲಿಗಿಟ್ಟು ಕಾಗೆ ಬರದ ಹಾಗೆ ಕಾವಲು ಕೂತೆ. ಕಾಗೆ ಬರಲಿಲ್ಲ, ಇರುವೆ ಬಂದವು. ಕಾಯಿನೀರಿನ ಸಿಹಿಗೆ ಸಾಲುಗಟ್ಟಿ ಬಂದು ಒಂದೊಂದೇ ಕೀಲಿಯ ಸಂದಿಯಲ್ಲಿ ಇಳಿದು ಹೋದವು. ಹಬ್ಬದ ದಿನ, ಹೊಸ ಸೀರೆ ಉಟ್ಟುಕೊಂಡು, ಲ್ಯಾಪ್‌ಟಾಪಿನಿಂದ ಇರುವೆ ಊದುತ್ತಾ ಕೂತು ಅತ್ತೆ. ಕೆಳಗಿನಿಂದ ಓನರ್ ಆಂಟಿ ಒಬ್ಬಟ್ಟು ತಂದುಕೊಟ್ಟರು. ಏನಾಯಿತೆಂದು ಕೇಳಿದರು. ಹೇಳಿದರೆ ನಗುತ್ತಾರೆಂದು ತಲೆನೋವು ಎಂದೆ.

ವಿಜಯದಶಮಿ ಕಳೆದ ಮೇಲೆ ಅದನ್ನು ಟವಲಿನಲ್ಲಿ ಸುತ್ತಿಕೊಂಡು ರಾಜಾಜಿನಗರದ ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲೇ ಆ ಕುಂಕುಮದ ಹುಡುಗಿ ಇದ್ದದ್ದು. ಲ್ಯಾಪ್‌ಟಾಪಿನ ಹಿಂದಿನ ನಂಬರು ನೋಡಿ ಕಂಪ್ಯೂಟರಿನಲ್ಲಿ ಕುಟ್ಟಿದಳು.

"ವಾರಂಟಿ ಇದೆ ಮೇಡಂ, ಅದು ಎಲ್ಲಾ ದೇಶಕ್ಕೂ ಇದೆ. ಆದ್ರೆ ನೀರು ಬಿದ್ದಿದ್ದು ಅದ್ರಲ್ಲಿ ಬರಲ್ಲ. ಆಕ್ಸಿಡೆಂಟಲ್ ಕವರ್ ಬೇರೆ ತಗೊಂಡಿದಾರೆ ನೋಡಿ, ಅದ್ರಲ್ಲಿ ಬರುತ್ತೆ."

"ಸರಿ, ಅದ್ರಲ್ಲೇ ಮಾಡ್ಕೊಡಿ."

"ಆದ್ರೆ ಅದು ಗಲ್ಫ್ ರೀಜನ್‌ಗೆ ಮಾತ್ರ ಮೇಡಂ. ಇಂಡಿಯಾದಲ್ಲಿ ಅಪ್ಲೈ ಆಗಲ್ಲ."

"ಅಂದ್ರೆ ಅಲ್ಲಿ ನೀರು ಬಿದ್ರೆ ಆಕ್ಸಿಡೆಂಟು, ಇಲ್ಲಿ ಬಿದ್ರೆ ಅಲ್ವಾ?"

"ಇಲ್ಲೂ ಆಕ್ಸಿಡೆಂಟೇ ಮೇಡಂ. ಕವರ್ ಆಗಲ್ಲ, ಅಷ್ಟೇ."

ನನಗೆ ಮೈಯೆಲ್ಲ ಉರಿದುಹೋಯಿತು. ಕೊಂಡ ದೇಶದಲ್ಲಿ ಮಾತ್ರ ಬೀಳಬೇಕು, ಕೊಂಡ ದೇಶದಲ್ಲಿ ಮಾತ್ರ ಒಡೆಯಬೇಕು ಎಂದು ಯಾವ ಪುಣ್ಯಾತ್ಮ ಕೂತು ಬರೆದನೋ. ಅಲ್ಲಿ ಅದನ್ನು ಬಳಸುವವರಾದರೂ ಯಾರು? ಅಲ್ಲಿರುವ ಮನುಷ್ಯನನ್ನು ಇಲ್ಲಿಂದ ನೋಡಲಿಕ್ಕೆಂದೇ ಅದು ಇಲ್ಲಿಗೆ ಬಂದದ್ದು. ಇದನ್ನೆಲ್ಲ ಆ ಹುಡುಗಿಯ ಮುಂದೆ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಪಕ್ಕದ ಸರತಿಯಲ್ಲಿದ್ದವರು ತಿರುಗಿ ನೋಡಿದರು. ಹುಡುಗಿಗೆ ಪಾಪ ಅನ್ನಿಸಿತೋ ಹೆದರಿಕೆಯಾಯಿತೋ, ತಗ್ಗಿದ ದನಿಯಲ್ಲಿ ಎರಡು ದಾರಿ ತೋರಿಸಿದಳು. ಒಂದು, ಲ್ಯಾಪ್‌ಟಾಪನ್ನು ಬಹರೇನಿಗೆ ಕಳಿಸಿ ಅಲ್ಲಿ ರಿಪೇರಿ ಮಾಡಿಸುವುದು. ಇನ್ನೊಂದು, ಕವರನ್ನೇ ಇಂಡಿಯಾಕ್ಕೆ ವರ್ಗ ಮಾಡಿಸುವುದು. ಅದಕ್ಕೆ ಮಾಲೀಕರು ಆ ದೇಶ ಬಿಟ್ಟು ಕಾಯಂ ಆಗಿ ಇಲ್ಲಿಗೆ ಬಂದಿರಬೇಕು. ಯಾವಾಗ ಬಂದರು, ಎಲ್ಲಿ ಇದ್ದಾರೆ, ಡ್ಯಾಮೇಜು ಹೇಗಾಯಿತು, ಎಲ್ಲವನ್ನೂ ಅವರೇ ಬರೆದು ಸಹಿ ಮಾಡಿದ ಕಾಗದ, ಜೊತೆಗೆ ಅವರ ಗುರುತಿನ ಚೀಟಿಯ ನಕಲು ಬೇಕು. ನೀರು ಬೀಳುವುದಕ್ಕೆ ಮುಂಚೆಯೇ ಬಂದಿದ್ದರೆಂದು ಅದರಲ್ಲಿ ಸ್ಪಷ್ಟವಾಗಿರಬೇಕು.

"ಸಾರ್ ಬಂದಿದಾರಾ ಮೇಡಂ?" ಎಂದು ಕೇಳಿದಳು.

"ಬಂದಿದಾರೆ" ಎಂದೆ. ಎಷ್ಟು ಸಲೀಸಾಗಿ ಬಾಯಿಂದ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಆ ವಾರ ಅವರ ಫೋನು ಬಂದಾಗ ವಿಷಯ ಹೇಳಿದೆ. ಅವರು ಮೊದಲನೇ ದಾರಿ ಹಿಡಿದರು. ಅವರ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮಂಗಳೂರಿನವರೊಬ್ಬರು ರಜೆ ಮುಗಿಸಿ ವಾಪಸು ಬರುವವರಿದ್ದಾರೆ, ಅವರ ಕೈಯಲ್ಲಿ ಕೊಟ್ಟು ಕಳಿಸು ಎಂದರು.

"ನಾನು ಕಳ್ಸಲ್ಲ" ಎಂದೆ. "ಅಲ್ಲಿಗೆ ಹೋಗಿದ್ದು ಯಾವ್ದು ಬೇಗ ವಾಪಸ್ ಬಂದಿದೆ ಹೇಳಿ?"

ಅವರು ಸುಮ್ಮನಾದರು. ಕಾರ್ಡಿನ ಫೋನಿನಲ್ಲಿ ಅವರು ಅಷ್ಟು ಹೊತ್ತು ಸುಮ್ಮನಾದದ್ದು ಅದೇ ಮೊದಲು.

"ಬಂದ್ಬಿಟ್ಟಿದೀನಿ ಅಂತ ಬರ್ದು ಕಳ್ಸಿ. ಒಂದು ಕಾಗದ ತಾನೆ?"

"ಸುಳ್ಳು ಬರೀಬೇಕಾ?"

"ಡಿಸೆಂಬರ್‌ಗೆ ಬರ್ತೀರಲ್ಲ. ಎರಡ್ಮೂರು ತಿಂಗ್ಳು ಮುಂಚೆ ಬಂದೆ ಅಂತ ಬರೀರಿ. ಅದೇನು ಅಂಥಾ ಸುಳ್ಳು?"

"ನೋಡೋಣ ಬಿಡು. ಬೇರೇದೇ ಒಂದು ಹೊಸದು ಕಳಿಸ್ಲಾ?"

"ಬೇಡ. ಇದೇ ಬೇಕು. ಬರೀರಿ."

ನನ್ನ ಗಂಡ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಡುವುದನ್ನು ಮರೆತರೆ ಇಳಿಯುವ ಮುಂಚೆ ಕರೆದು ಕೇಳಿ ತೆಗೆದುಕೊಳ್ಳುವವರು. ಸುಳ್ಳು ಬರೆಯಲು ಕೈ ಬರುತ್ತಿಲ್ಲ ಎಂದುಕೊಂಡೆ. ಅವರ ಸತ್ಯಸಂಧತೆಯ ಮೇಲೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು, ಆ ಹೊತ್ತಿಗೆ ಅದನ್ನು ಕಂಡರೆ ಎಣ್ಣೆ ಸೀಗೇಕಾಯಿಯೂ ಆಗಿತ್ತು. ಎರಡು ಶುಕ್ರವಾರ ಖಾಲಿ ಹೋದವು. ಸ್ಟೂಲು ಯಂತ್ರದ ಪಕ್ಕದಲ್ಲೇ ಇತ್ತು. ಆಗಾಗ ತಲೆ ಎತ್ತಿ ಅದರ ಕಡೆ ನೋಡಿ, ಬಯ್ದುಕೊಂಡು, ಮತ್ತೆ ಹೊಲಿಗೆಗೆ ತಲೆ ಬಗ್ಗಿಸುತ್ತಿದ್ದೆ. ಒಬ್ಬರ ಬ್ಲೌಸಿಗೆ ಎರಡೂ ಎಡತೋಳೇ ಕೂರಿಸಿ ಬಿಚ್ಚಬೇಕಾಯಿತು. ಮೂರನೇ ವಾರ, ಬರೆದು ಸ್ಕ್ಯಾನ್ ಮಾಡಿ ಮೇಲ್ ಹಾಕಿದ್ದೇನೆ, ಪ್ರಿಂಟ್ ತೆಗೆಸಿ ಕೊಡು ಎಂದು ಮೆಸೇಜು ಬಂತು.

ವಿಜಯನಗರದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಸೈಬರ್ ಸೆಂಟರಿಗೆ ಹೋದೆ. ಮೇಲ್ ತೆಗೆದರೆ ಅವರ ಕೈಬರಹ. ಇಂಗ್ಲಿಷಿನಲ್ಲಿತ್ತು. ನನ್ನದು ಬೋರ್ಡು ಓದುವಷ್ಟರ ಇಂಗ್ಲಿಷು, ಆದರೂ ನಿಧಾನವಾಗಿ ಓದಿದರೆ ಅರ್ಥವಾಯಿತು. ನಾನು ಬಹರೇನಿನ ಕೆಲಸ ಬಿಟ್ಟು ಕಾಯಂ ಆಗಿ ಬೆಂಗಳೂರಿಗೆ ಮರಳಿದ್ದೇನೆ. ಸೆಪ್ಟೆಂಬರಿನಿಂದ ಈ ಕೆಳಗಿನ ವಿಳಾಸದಲ್ಲಿ ನನ್ನ ಹೆಂಡತಿಯೊಂದಿಗೆ ವಾಸವಾಗಿದ್ದೇನೆ. ವಾಪಸು ಹೋಗುವ ಉದ್ದೇಶ ಇಲ್ಲ. ಕೆಳಗೆ ನಮ್ಮ ಮೂಡಲಪಾಳ್ಯದ ವಿಳಾಸ, ಮೊದಲನೇ ಮಹಡಿ ಎಂಬುದನ್ನೂ ಬಿಟ್ಟಿರಲಿಲ್ಲ.

ಡ್ಯಾಮೇಜು ಹೇಗಾಯಿತು ಎಂಬ ಕಡೆ ಬಂದಾಗ ನಾನು ಕುರ್ಚಿ ಹತ್ತಿರ ಎಳೆದುಕೊಂಡೆ. ನಾನೂ ನನ್ನ ಹೆಂಡತಿಯೂ ಮನೆಯಲ್ಲಿ ನಮ್ಮ ಕೆಲಸದ ಸಾಧನಗಳಿಗೆ ಪೂಜೆ ಮಾಡುತ್ತಿದ್ದೆವು ಎಂದು ಬರೆದಿದ್ದರು. ಇದು ನಮ್ಮ ಪದ್ಧತಿ. ಕಾಯಿ ಒಡೆದವನು ನಾನು. ನನ್ನ ಕೈ ಜಾರಿ ನೀರು ಬಿತ್ತು. ನನ್ನ ಹೆಂಡತಿ ಹುಷಾರು ಎಂದು ಹೇಳಿದ್ದಳು, ನಾನು ಕೇಳಲಿಲ್ಲ. ತಪ್ಪು ನನ್ನದು.

ಎರಡು ಸಲ ಓದಿದೆ. ಪಕ್ಕದ ಕುರ್ಚಿಯವರು ನೋಡಿದರೆ ನೋಡಲಿ ಎಂದು ಅಲ್ಲೇ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಐದು ವರ್ಷದಲ್ಲಿ ಅವರು ನನಗೆ ಬರೆದ ಯಾವ ಕಾಗದದಲ್ಲೂ ಇಂಥ ಮಾತು ಇರಲಿಲ್ಲ. ಇದು ನನಗೆ ಬರೆದದ್ದೂ ಅಲ್ಲ. ಯಾವುದೋ ಕಂಪನಿಯ ಯಾವುದೋ ಗುಮಾಸ್ತನಿಗೆ ಬರೆದದ್ದು, ಅಕ್ಷರಕ್ಷರವೂ ಸುಳ್ಳು. ಆದರೂ ಎರಡು ಪ್ರಿಂಟ್ ತೆಗೆಸಿದೆ, ಒಂದು ಕಂಪನಿಗೆ, ಒಂದು ನನಗೆ. ಬಸ್ಸಿನಲ್ಲಿ ನನ್ನದನ್ನು ಮತ್ತೆ ಬಿಚ್ಚಿ ಓದಿದೆ. ಅವರು ಪೂಜೆಯ ದಿನ ಮನೆಯಲ್ಲಿ ಪಂಚೆ ಉಟ್ಟು ನಿಂತದ್ದು, ನಾನು ಹುಷಾರು ಎಂದದ್ದು, ಅವರು ಮಾತು ಕೇಳದೆ ನೀರು ಚೆಲ್ಲಿದ್ದು, ನಾನು ರೇಗಿದ್ದು, ಎಲ್ಲ ಕಣ್ಣಿಗೆ ಕಟ್ಟಿತು. ನಿಜವಾಗಿ ನಡೆದದ್ದಕ್ಕಿಂತ ಅದೇ ಚೆನ್ನಾಗಿತ್ತು. ಸಂಜೆ ಅವರಿಗಿಷ್ಟವೆಂದು ಹುರುಳಿಕಾಯಿ ಪಲ್ಯ ಮಾಡಿಕೊಂಡು ಒಬ್ಬಳೇ ತಿಂದೆ.

ಕಂಪನಿ ಒಪ್ಪಿಕೊಂಡಿತು. ಕವರು ಇಂಡಿಯಾಕ್ಕೆ ವರ್ಗವಾಯಿತು. ಮನೆಗೇ ಬಂದು ರಿಪೇರಿ ಮಾಡಿಕೊಡುತ್ತೇವೆ ಎಂದು ಫೋನ್ ಬಂತು. ಶುಕ್ರವಾರ ಬೆಳಿಗ್ಗೆ ಎಂಜಿನಿಯರ್ ಬರುತ್ತಾರೆ, ಮಾಲೀಕರು ಮನೆಯಲ್ಲಿರಬೇಕು, ಅವರೇ ಸಹಿ ಮಾಡಬೇಕು. ಆಗಲಿ ಎಂದುಬಿಟ್ಟೆ. ಬೇರೆ ಏನು ಹೇಳುವುದು? ಅವರು ಇಲ್ಲೇ ಇದ್ದಾರೆಂದು ಅವರ ಕೈಯಾರೆ ಬರೆಸಿ ಕೊಟ್ಟವಳೇ ನಾನು.

ಗುರುವಾರ ಬೀರು ತೆಗೆದು ಅವರ ಎರಡು ಅಂಗಿ, ಒಂದು ಲುಂಗಿ ಒಗೆದು ಬೀದಿಗೆ ಕಾಣುವ ಹಾಗೆ ಹಗ್ಗಕ್ಕೆ ಹಾಕಿದೆ. ಅವರ ಹಳೆಯ ಚಪ್ಪಲಿಯನ್ನು ಬಾಗಿಲ ಬಳಿ ಬಿಟ್ಟೆ. ಆಮೇಲೆ, ಚಪ್ಪಲಿ ಇಲ್ಲಿದ್ದರೆ ಮನುಷ್ಯ ಹೊರಗೆ ಹೇಗೆ ಹೋದ ಎಂದು ಹೊಳೆದು ಮತ್ತೆ ಒಳಗಿಟ್ಟೆ. ಬಚ್ಚಲುಮನೆಯಲ್ಲಿ ಎರಡನೇ ಬ್ರಷ್ಷು, ಷೇವಿಂಗ್ ಸೆಟ್ಟು. ಇದನ್ನೆಲ್ಲ ಮಾಡುವಾಗ ನಗು ಬರುತ್ತಿತ್ತು. ಮಾಡಿ ಮುಗಿಸಿ ಮನೆಯನ್ನು ಒಮ್ಮೆ ನೋಡಿದಾಗ ನಗು ನಿಂತುಹೋಯಿತು. ಓನರ್ ಆಂಟಿ ಹಗ್ಗದ ಮೇಲಿನ ಲುಂಗಿ ನೋಡಿ, "ಯಾವಾಗ್ ಬಂದ್ರೇ ನಿಮ್ಮೆಜಮಾನ್ರು? ಹೇಳ್ಲೇ ಇಲ್ಲ!" ಎಂದು ಕೆಳಗಿನಿಂದಲೇ ಕೂಗಿದರು. "ಬರೋರಿದಾರೆ ಆಂಟಿ" ಎಂದೆ.

ಎಂಜಿನಿಯರ್ ಎಂದರೆ ಎಳೆಯ ಹುಡುಗ ಇರಬಹುದು ಎಂದುಕೊಂಡಿದ್ದೆ. ಬಂದವರಿಗೆ ನಲವತ್ತರ ಹತ್ತಿರ, ಹುಬ್ಬಳ್ಳಿ ಕಡೆಯ ಮಾತು. ಬೂಟು ಬಿಚ್ಚುತ್ತಲೇ ಕೇಳಿದರು.

"ಸಾಹೇಬ್ರು ಅದಾರೇನ್ರಿ ಅಕ್ಕಾರ?"

"ಈಗಷ್ಟೇ ಹೊರಗೆ ಹೋದ್ರು. ಮೊಸರು ತರೋಕೆ. ಬರ್ತಾರೆ, ಕೂತ್ಕೊಳ್ಳಿ."

"ಬರ್ಲಿ ತಗೋರಿ. ಅಷ್ಟೊತ್ತಿಗೆ ನಾ ಕೆಲಸ ಮುಗಸ್ತೀನಿ."

ನೆಲದ ಮೇಲೆ ಬಟ್ಟೆ ಹಾಸಿ ಲ್ಯಾಪ್‌ಟಾಪಿನ ತಿರುಪುಗಳನ್ನು ಬಿಚ್ಚಿದರು. ಒಳಗೆ ಸತ್ತ ಇರುವೆ ಕಂಡು, "ಇವು ಯಾವ ಊರಿಂದ ಬಂದಾವ್ರಿ?" ಎಂದು ನಕ್ಕರು. ಬೋರ್ಡು ಬದಲಾಯಿಸಿದರು, ಕೀಲಿಮಣೆ ಬದಲಾಯಿಸಿದರು. ಕೆಲಸದ ನಡುವೆ ಮಾತು. ದೀಪಾಂಜಲಿ ನಗರದಲ್ಲಿ ಮೂವರು ಸೇರಿ ಒಂದು ರೂಮು ಮಾಡಿದ್ದಾರೆ, ಹೆಂಡತಿ ಮಗಳು ಹುಬ್ಬಳ್ಳಿಯಲ್ಲಿ. ತಿಂಗಳಿಗೊಮ್ಮೆ ಹೋಗುತ್ತಾರೆ, ಕೆಲವು ತಿಂಗಳು ಅದೂ ಆಗುವುದಿಲ್ಲ. "ನಿಮ್ದು ಪುಣ್ಯಾರಿ. ಸಾಹೇಬ್ರು ಎಲ್ಲಾ ಬಿಟ್ಟು ಬಂದುಬಿಟ್ರು" ಎಂದರು. ನಾನು ಕಾಫಿ ಬೆರೆಸಲು ಒಳಗೆ ಹೋದೆ.

ಕೆಲಸ ಮುಗಿಯಿತು. ಅವರು ಫಾರಂ ತೆಗೆದು ಮಡಿಲಲ್ಲಿಟ್ಟುಕೊಂಡು ಕಾದರು. ನಾನೂ ಕಾದೆ. ಮೊಸರಿನಂಗಡಿಯಲ್ಲಿ ರಶ್ ಇರಬೇಕು ಎಂದೆ. ಫೋನ್ ಮಾಡಿರಿ ಎಂದರು. ಫೋನು ಮನೆಯಲ್ಲೇ ಬಿಟ್ಟು ಹೋಗಿದ್ದಾರೆ ಎಂದೆ. ಬಾಲ್ಕನಿಗೆ ಹೋಗಿ ಬೀದಿಯ ಎರಡೂ ಕಡೆ ಇಣುಕಿ ಬಂದೆ. ಎರಡನೇ ಸಲ ಹೋದಾಗ ಒಂದು ವಿಚಿತ್ರ ನಡೆಯಿತು. ನನಗೆ ನಿಜವಾಗಿಯೂ ಸಿಟ್ಟು ಬಂತು. ಒಂದು ಮೊಸರು ತರಲು ಇಷ್ಟು ಹೊತ್ತಾ, ಯಾರ ಜೊತೆ ಮಾತಿಗೆ ನಿಂತರೋ, ಮನೆಗೆ ಬಂದವರನ್ನು ಕಾಯಿಸುತ್ತಾರಲ್ಲ ಎಂದು ಬಾಯಿಬಿಟ್ಟೇ ಗೊಣಗಿದೆ. ತಿರುವಿನಲ್ಲಿ ಕೈಯಲ್ಲಿ ಚೀಲ ಹಿಡಿದ ಯಾರೋ ಬಂದರು. ಬಾಲ್ಕನಿಯ ಕಂಬಿ ಹಿಡಿದು ಬಗ್ಗಿ ನೋಡಿದೆ. ಅವರು ನಮ್ಮ ಗೇಟು ದಾಟಿ ಮುಂದೆ ಹೋದರು. ಐದು ವರ್ಷ ಕಾದಿದ್ದೆ, ಆದರೆ ಹೀಗೆ ಇನ್ನೇನು ಬಂದರು ಎಂದು ಕಾದದ್ದು ಆ ಅರ್ಧ ತಾಸು ಮಾತ್ರ.

ಒಳಗೆ ಬಂದಾಗ ಎಂಜಿನಿಯರ್ ಸುಮ್ಮನೆ ಕೂರಲಾರದೆ ಕ್ಯಾಮೆರಾ ನೋಡೋಣವೆಂದು ಲ್ಯಾಪ್‌ಟಾಪ್ ಆನ್ ಮಾಡಿದ್ದರು. ಅದನ್ನು ಆನ್ ಮಾಡಿದರೆ ವಿಡಿಯೋ ಕಾಲಿನ ಪ್ರೋಗ್ರಾಂ ತಾನಾಗಿ ತೆರೆದುಕೊಳ್ಳುವ ಹಾಗೆ ನಾನೇ ಕ್ಲಾಸಿನಲ್ಲಿ ಹೇಳಿಸಿಕೊಂಡು ಮಾಡಿಟ್ಟಿದ್ದೆ. ಆ ಕಡೆಯಿಂದ ರಿಂಗಾಯಿತು. ಎಂಜಿನಿಯರ್ ಒತ್ತಿದರು. ಪರದೆಯ ತುಂಬ ನನ್ನ ಗಂಡ, ಬನಿಯನ್ನಿನಲ್ಲಿ, ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ.

"ಬಂತಾ! ಬೆಳಿಗ್ಗೆಯಿಂದ ಕಾಯ್ತಾ ಇದೀನಿ ಕಣೇ" ಎಂದರು. ಆಮೇಲೆ ಎದುರಿಗಿದ್ದವರ ಮುಖ ಕಂಡು ಬಾಯಿ ಮುಚ್ಚಿಕೊಂಡರು.

ಹುಬ್ಬಳ್ಳಿಯವರು ಪರದೆ ನೋಡಿದರು. ಫಾರಮ್ಮಿಗೆ ಅಂಟಿಸಿದ್ದ ಗುರುತಿನ ಚೀಟಿಯ ಫೋಟೋ ನೋಡಿದರು. ನನ್ನನ್ನು ನೋಡಿದರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದೆ. ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಸಾಹೇಬ್ರು ಬಂದ್ರಲ್ರಿ ಅಕ್ಕಾರ" ಎಂದರು ಅವರು. ಮೆಲ್ಲಗೆ ಎದ್ದು ಫಾರಂ, ಪೆನ್ನು ಎರಡನ್ನೂ ಹೊಲಿಗೆ ಯಂತ್ರದ ಮೇಲಿಟ್ಟರು. "ಸಹಿ ಹಾಕಿಸಿ ಇಡ್ರಿ. ನಾ ಕೆಳಗ ಗಾಡಿ ಹತ್ರ ಇರ್ತೀನಿ."

ನನ್ನ ಗಂಡನ ಸಹಿ ನನಗೆ ಕಣ್ಣು ಮುಚ್ಚಿ ಹಾಕಲು ಬರುತ್ತದೆ. ಹಾಕಿದೆ. ಕೆಳಗೆ ಹೋಗಿ ಕೊಟ್ಟೆ. ಅವರು ನನ್ನ ಮುಖ ನೋಡದೆ ಮಡಿಚಿ ಚೀಲದೊಳಗಿಟ್ಟುಕೊಂಡು ಹೊರಟುಹೋದರು. ಆ ಮನುಷ್ಯನ ಹೆಂಡತಿ ಮಗಳು ಅವರ ಜೊತೆಗೇ ಇರುವಂತಾಗಿರಲಿ ಎಂದು ಇವತ್ತಿಗೂ ಅಂದುಕೊಳ್ಳುತ್ತೇನೆ.

ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ನನಗೆ ನಗು ತಡೆಯಲಾಗಲಿಲ್ಲ. ಸ್ಟೂಲಿನ ಮುಂದೆ ಕೂತು ಎಲ್ಲ ಹೇಳಿದೆ, ಲುಂಗಿ, ಮೊಸರು, ಬೀದಿಯಲ್ಲಿ ಹೋದ ಚೀಲದವರು. ಅವರೂ ನಕ್ಕರು. ಹೊಸ ಬೋರ್ಡಿನ ಪುಣ್ಯವೋ ಏನೋ, ಚಿತ್ರ ಎಂದಿಗಿಂತ ಸ್ಪಷ್ಟವಾಗಿತ್ತು. ಕಿವಿಯ ಹತ್ತಿರ ಕೂದಲು ಬೆಳ್ಳಗಾದದ್ದು ಅಂದೇ ಕಂಡದ್ದು.

"ಡಿಸೆಂಬರ್‌ಗೆ ನೀವು ಬಂದ್ಮೇಲೆ ಆ ಕಾಗದ ನಿಜ ಆಗೋಗುತ್ತೆ ಬಿಡಿ. ದೇವ್ರು ಕ್ಷಮಿಸ್ತಾನೆ" ಎಂದೆ.

ಅವರು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. ಕ್ಯಾಮೆರಾ ಬಿಟ್ಟು ಬೇರೆಲ್ಲೋ ನೋಡಿದರು.

"ಸಹಿ ಮಾಡ್ಬಿಟ್ಟೆ ಕಣೇ. ಇನ್ನೆರಡು ವರ್ಷಕ್ಕೆ."

"ಯಾವಾಗ?"

"ಹಬ್ಬಕ್ಕೆ ಮುಂಚೇನೆ. ಹೇಳೋಕ್ಕಾಗ್ಲಿಲ್ಲ."

ಕಾಗದ ಬರೆಯಲು ಅವರು ಮೂರು ವಾರ ಹಿಂದೆಮುಂದೆ ನೋಡಿದ್ದು ಕಂಪನಿಗೆ ಹೆದರಿ ಅಲ್ಲ. ಅದು ನನ್ನ ಕೈಗೆ ಸಿಗುತ್ತದೆ, ನಾನು ಓದುತ್ತೇನೆ ಎಂದು ಅವರಿಗೆ ಗೊತ್ತಿತ್ತು. ನಾನು ಬರೀರಿ ಬರೀರಿ ಎಂದು ಪಟ್ಟು ಹಿಡಿದು, ಬರಲಾರದ ಮನುಷ್ಯನ ಕೈಯಲ್ಲಿ ಬಂದಿದ್ದೇನೆ ಎಂದು ಬರೆಸಿದ್ದೆ. ಕೂಗಾಡಬೇಕೆನ್ನಿಸಿತು. ಲ್ಯಾಪ್‌ಟಾಪು ಮುಚ್ಚಿಬಿಡಬೇಕೆನ್ನಿಸಿತು. ಮುಚ್ಚಿದರೆ ಮುಂದಿನ ಶುಕ್ರವಾರದವರೆಗೆ ಆ ಮುಖವೂ ಇಲ್ಲ. ಯಂತ್ರಕ್ಕೆ ದಾರ ಪೋಣಿಸಿ ಯಾರದೋ ಸೀರೆಯ ಫಾಲ್ ಹಾಕತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ ಅವರೂ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡರು.

ಕಂಪನಿಯವರು ಆಮೇಲಿನ ಎರಡು ವರ್ಷ ಆಗಾಗ ಫೋನ್ ಮಾಡುತ್ತಿದ್ದರು. ರಿಪೇರಿ ಹೇಗಿತ್ತು, ಕವರನ್ನು ಮುಂದುವರಿಸುತ್ತೀರಾ, ಹೊಸದೊಂದು ಪ್ಲಾನ್ ಬಂದಿದೆ. ಅವರ ಲೆಕ್ಕದಲ್ಲಿ ನನ್ನ ಗಂಡ ಮೂಡಲಪಾಳ್ಯದ ಮೊದಲನೇ ಮಹಡಿಯಲ್ಲಿ ಹೆಂಡತಿಯೊಂದಿಗೆ ವಾಸವಾಗಿದ್ದರು. "ಸಾರ್ ಇದಾರಾ ಮೇಡಂ?" ಎಂದು ಕೇಳುತ್ತಿದ್ದರು. ಮೊದಲ ಸಲ ಫೋನ್ ಇಟ್ಟುಬಿಟ್ಟಿದ್ದೆ. ಆಮೇಲೆ ರೂಢಿಯಾಯಿತು.

"ಇದಾರೆ. ಈಗ ಸ್ನಾನಕ್ಕೆ ಹೋದ್ರು. ಹತ್ತು ನಿಮಿಷ ಬಿಟ್ಟು ಮಾಡಿ" ಎನ್ನುತ್ತಿದ್ದೆ.

ಯಾರೂ ಮತ್ತೆ ಮಾಡುತ್ತಿರಲಿಲ್ಲ. ಆ ಹತ್ತು ನಿಮಿಷ ನಾನು ಯಂತ್ರ ತುಳಿಯದೆ ಸುಮ್ಮನೆ ಕೂತಿರುತ್ತಿದ್ದೆ.